ಸಮಿತಿಯಲ್ಲಿ ಕೂರುವವರು ಯಾರು? ಸದನ ತನಿಖೆಯ ಹೆಸರುಪಟ್ಟಿಯ ಹಿಂದಿನ ರಾಜಕೀಯ

ಸದನದಲ್ಲಿ ಹಗರಣವೊಂದರ ಚರ್ಚೆ ಕಾವೇರುತ್ತದೆ. ವಿರೋಧ ಪಕ್ಷದವರು ಪೀಠದ ಮುಂದಿನ ಬಾವಿಗಿಳಿದು ಧರಣಿ ಕೂರುತ್ತಾರೆ, ಕಲಾಪ ಮತ್ತೆ ಮತ್ತೆ ಮುಂದಕ್ಕೆ ಹೋಗುತ್ತದೆ, ಕೊನೆಗೊಮ್ಮೆ ಸರ್ಕಾರ ಸದನ ಸಮಿತಿ, ಅಂದರೆ ಶಾಸಕರೇ ಸದಸ್ಯರಾಗಿರುವ ಸಮಿತಿ, ರಚಿಸಿ ತನಿಖೆ ಮಾಡಿಸಲು ಒಪ್ಪುತ್ತದೆ. ಮರುದಿನ ಅದು ಮುಖಪುಟದ ಸುದ್ದಿ. ಅಲ್ಲಿಂದಾಚೆಗೆ ನಾವು ಓದುಗರು ಸುಮ್ಮನಾಗುತ್ತೇವೆ, ವರದಿ ಬಂದಾಗ ನೋಡಿದರಾಯಿತು ಎಂದುಕೊಳ್ಳುತ್ತೇವೆ. ದಾವಣಗೆರೆಯಲ್ಲಿ ರಾಜ್ಯಶಾಸ್ತ್ರ ಪಾಠ ಹೇಳುವ ನನ್ನನ್ನು ಬಹಳ ಕಾಡುವುದು ಈ ಸುಮ್ಮನಿರುವಿಕೆಯೇ. ಸಮಿತಿಯ ಘೋಷಣೆಯಾದ ದಿನದಿಂದ ಅದರ ಮೊದಲ ಸಭೆ ಸೇರುವವರೆಗಿನ ದಿನಗಳಲ್ಲಿ ತನಿಖೆಯ ಅರ್ಧ ಹಣೆಬರಹ ಬರೆದಾಗಿರುತ್ತದೆ. ಎಷ್ಟು ಮಂದಿ ಸದಸ್ಯರು, ಯಾವ ಪಕ್ಷಕ್ಕೆ ಎಷ್ಟು ಸ್ಥಾನ, ಅಧ್ಯಕ್ಷರು ಯಾರು, ಕಡತ ಓದಿ ಪ್ರಶ್ನೆ ಸಿದ್ಧಪಡಿಸುವವರು ಯಾರು ಎಂಬುದನ್ನೆಲ್ಲ ಪಕ್ಷಗಳ ಸಚೇತಕರು ಮತ್ತು ನಾಯಕರು ಕ್ಯಾಮೆರಾಗಳಿಂದ ದೂರ ಕುಳಿತು ಚೌಕಾಸಿ ಮಾಡುತ್ತಾರೆ. ಆ ಚೌಕಾಸಿಯನ್ನು ಓದಲು ಕಲಿತರೆ ವರದಿಯ ಬಹುಭಾಗವನ್ನು ಮೊದಲೇ ಊಹಿಸಬಹುದು.

ಹೊಲದ ಬದುವಿನ ಜಗಳ ಬಿದ್ದ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಮಾತಿದು. ತೀರ್ಪು ಏನಾಯಿತು ಎಂದು ಕೇಳುವ ಮೊದಲೇ ಜನ ಕೇಳುವುದು, ಪಂಚರಾಗಿ ಯಾರನ್ನು ಕರೆಸಿದ್ದರು ಎಂದು. ವಿಧಾನಸೌಧದ ವಿಷಯ ಬಂದಾಗ ಮಾತ್ರ ಆ ಪ್ರಶ್ನೆಯನ್ನು ನಾವು ಮರೆಯುತ್ತೇವೆ.

ಸದನ ಸಮಿತಿಗೆ ಇರುವ ಅಧಿಕಾರ

ಶಾಸಕಾಂಗಕ್ಕೆ ತನ್ನ ಕಲಾಪದ ನಿಯಮಗಳನ್ನು ತಾನೇ ರೂಪಿಸಿಕೊಳ್ಳುವ ಅಧಿಕಾರವನ್ನು ಸಂವಿಧಾನದ 208ನೇ ವಿಧಿ ಕೊಟ್ಟಿದೆ. ಸದನಕ್ಕೂ ಅದರ ಸಮಿತಿಗಳಿಗೂ ಇರುವ ವಿಶೇಷಾಧಿಕಾರಗಳ ಮಾತು 194ನೇ ವಿಧಿಯಲ್ಲಿದೆ. ಸಂಸತ್ತಿಗೆ ಇದೇ ವಿಷಯಗಳನ್ನು ಹೇಳುವ ವಿಧಿಗಳು 118 ಮತ್ತು 105. ಈ ಬಲದಿಂದ ಸದನ ಸಮಿತಿಯು ಅಧಿಕಾರಿಗಳನ್ನು ಕರೆಸಬಹುದು, ಕಡತ ತರಿಸಿಕೊಳ್ಳಬಹುದು, ಸ್ಥಳ ಪರಿಶೀಲನೆಗೆ ಹೋಗಬಹುದು. ಯಾರನ್ನೂ ಜೈಲಿಗೆ ಕಳಿಸಲು ಅದಕ್ಕೆ ಬರುವುದಿಲ್ಲ. ಅದು ಕೊಡುವುದು ವರದಿ ಮತ್ತು ಶಿಫಾರಸು.

ಇದರ ಪಕ್ಕದಲ್ಲಿ ಬೇರೆ ದಾರಿಗಳೂ ಇವೆ. 1952ರ ವಿಚಾರಣಾ ಆಯೋಗಗಳ ಕಾಯ್ದೆಯ ಅಡಿಯಲ್ಲಿ ಸರ್ಕಾರ ಆಯೋಗ ನೇಮಿಸಬಹುದು, ಸಾಮಾನ್ಯವಾಗಿ ನಿವೃತ್ತ ನ್ಯಾಯಮೂರ್ತಿಯೊಬ್ಬರು ಅದರ ನೇತೃತ್ವ ವಹಿಸುತ್ತಾರೆ. ಪೊಲೀಸ್ ಅಧಿಕಾರಿಗಳ ವಿಶೇಷ ತನಿಖಾ ತಂಡ ರಚಿಸಬಹುದು. ಲೋಕಾಯುಕ್ತರಿಗೆ ಒಪ್ಪಿಸಬಹುದು. ಚಿತ್ರದುರ್ಗ ಜಿಲ್ಲೆಯವರಿಗೆ ಈ ಕೊನೆಯ ದಾರಿ ಚೆನ್ನಾಗಿ ನೆನಪಿದೆ. ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ಸಂತೋಷ್ ಹೆಗ್ಡೆ ಅವರ ವರದಿ 2011ರ ಜುಲೈನಲ್ಲಿ ಬಂತು, ಆ ದಿನಗಳಲ್ಲೇ ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ನಿಲ್ಲಿಸಿತು, ಮರುತಿಂಗಳು ಆ ನಿಷೇಧ ಚಿತ್ರದುರ್ಗ ಮತ್ತು ತುಮಕೂರಿಗೂ ವಿಸ್ತರಿಸಿತು. ಹೊಸದುರ್ಗ, ಹೊಳಲ್ಕೆರೆ ಭಾಗದ ಗಣಿಗಳ ಸದ್ದಡಗಿಸಿದ ಆ ನಿರ್ಧಾರದ ಹಿಂದೆ ಶಾಸಕರ ಸಮಿತಿ ಇರಲಿಲ್ಲ, ಸದನದ ಹೊರಗಿನ ಸಂಸ್ಥೆಗಳಿದ್ದವು.

ಆದ್ದರಿಂದ ಮೊದಲ ಜಗಳ ನಡೆಯುವುದು ತನಿಖೆ ಯಾರಿಗೆ ಎಂಬುದರ ಮೇಲೆ. 2019ರ ಫೆಬ್ರುವರಿಯಲ್ಲಿ ಶಾಸಕರಿಗೆ ಆಮಿಷವೊಡ್ಡಿದ ಆರೋಪದ ಧ್ವನಿಮುದ್ರಿಕೆ ಸದನವನ್ನು ಅಲುಗಾಡಿಸಿದಾಗ ಸಭಾಧ್ಯಕ್ಷ ರಮೇಶ್ ಕುಮಾರ್ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸುವಂತೆ ಸೂಚಿಸಿದರು. ವಿರೋಧ ಪಕ್ಷವಾಗಿದ್ದ ಬಿಜೆಪಿ ಅದನ್ನು ಒಪ್ಪಲಿಲ್ಲ. ಮುಖ್ಯಮಂತ್ರಿಯ ಅಧೀನದ ತಂಡದಿಂದ ನ್ಯಾಯ ಸಿಗದು, ಸದನ ಸಮಿತಿ ಅಥವಾ ನ್ಯಾಯಾಂಗ ತನಿಖೆ ಬೇಕು ಎಂದು ಅದು ಪಟ್ಟು ಹಿಡಿಯಿತು. ಅದರ ಲೆಕ್ಕಾಚಾರ ಅರ್ಥವಾಗುವಂಥದ್ದೇ. ಪೊಲೀಸ್ ತಂಡದಲ್ಲಿ ವಿರೋಧ ಪಕ್ಷಕ್ಕೆ ಕುರ್ಚಿಯಿಲ್ಲ, ಸದನ ಸಮಿತಿಯಲ್ಲಿ ಇರುತ್ತದೆ.

ಕುರ್ಚಿಗಳ ಲೆಕ್ಕ

ಸಮಿತಿಯ ಸ್ಥಾನಗಳನ್ನು ಸಾಮಾನ್ಯವಾಗಿ ಸದನದಲ್ಲಿನ ಪಕ್ಷಗಳ ಬಲಾಬಲಕ್ಕೆ ಅನುಗುಣವಾಗಿ ಹಂಚುತ್ತಾರೆ. ಪಕ್ಷಗಳು ಹೆಸರು ಕೊಡುತ್ತವೆ, ಸಭಾಧ್ಯಕ್ಷರು ಪ್ರಕಟಿಸುತ್ತಾರೆ. ಕೇಳಲು ಸರಳವಾಗಿದೆ, ಆದರೆ ಸಮಿತಿಯ ಗಾತ್ರವೇ ಒಂದು ಆಯುಧ. 2023ರ ಚುನಾವಣೆಯ ಫಲಿತಾಂಶವನ್ನೇ ತೆಗೆದುಕೊಳ್ಳೋಣ, ಆ ಬಳಿಕದ ಉಪಚುನಾವಣೆಗಳನ್ನು ಬದಿಗಿಡೋಣ. 224 ಸ್ಥಾನಗಳಲ್ಲಿ ಕಾಂಗ್ರೆಸ್ 135, ಬಿಜೆಪಿ 66, ಜೆಡಿಎಸ್ 19. ಹತ್ತು ಸದಸ್ಯರ ಸಮಿತಿಯಾದರೆ ಲೆಕ್ಕ ಸಲೀಸು: ಕಾಂಗ್ರೆಸ್‌ಗೆ 6, ಬಿಜೆಪಿಗೆ 3, ಜೆಡಿಎಸ್‌ಗೆ 1. ಅದನ್ನೇ ಐದು ಸದಸ್ಯರಿಗೆ ಇಳಿಸಿ ನೋಡಿ. ಕಾಂಗ್ರೆಸ್‌ಗೆ 3 ಬರುತ್ತದೆ. ಉಳಿದ ಎರಡರಲ್ಲಿ ಬಿಜೆಪಿಯ ಪಾಲು ಒಂದೂವರೆಯ ಹತ್ತಿರ, ಜೆಡಿಎಸ್‌ನದು ಅರ್ಧಕ್ಕಿಂತ ಕಡಿಮೆ. ಕಟ್ಟುನಿಟ್ಟಾಗಿ ಲೆಕ್ಕ ಹಾಕಿದರೆ ಎರಡೂ ಬಿಜೆಪಿಗೆ ಹೋಗಿ ಜೆಡಿಎಸ್ ಹೊರಗುಳಿಯುತ್ತದೆ. ಉದಾರವಾಗಿ ಹಂಚಿದರೆ ಇಬ್ಬರಿಗೂ ಒಂದೊಂದು ಸಿಗುತ್ತದೆ. ‘ಚಿಕ್ಕ ಸಮಿತಿಯಾದರೆ ಬೇಗ ಕೆಲಸ ಮುಗಿಯುತ್ತದೆ’ ಎಂದು ಯಾರಾದರೂ ವಾದಿಸಿದಾಗ ಯಾರ ಕುರ್ಚಿ ಮಾಯವಾಗುತ್ತಿದೆ ಎಂದು ಎಣಿಸಿ ನೋಡುವುದು ಒಳ್ಳೆಯದು.

ಬಲಾಬಲವನ್ನೇ ಬದಲಿಸುವ ಆಟವನ್ನು ದಾವಣಗೆರೆಯವರು ಮನೆಬಾಗಿಲಲ್ಲೇ ಕಂಡಿದ್ದಾರೆ. 2019ರ ನವೆಂಬರ್‌ನಲ್ಲಿ ಮಹಾನಗರ ಪಾಲಿಕೆಯ 45 ವಾರ್ಡ್‌ಗಳಿಗೆ ಚುನಾವಣೆ ನಡೆದು ಕಾಂಗ್ರೆಸ್ 22 ಗೆದ್ದಿತು, ಬಿಜೆಪಿ 17. ಆದರೂ 2020ರ ಫೆಬ್ರುವರಿಯಲ್ಲಿ ಮೇಯರ್ ಸ್ಥಾನ ಬಿಜೆಪಿಗೆ ಹೋಯಿತು. ಪಕ್ಷೇತರರ ಬೆಂಬಲದ ಜೊತೆಗೆ, ಮೇಯರ್ ಆಯ್ಕೆಯಲ್ಲಿ ಮತದ ಹಕ್ಕು ಪಡೆಯಲೆಂದೇ ವಿಧಾನ ಪರಿಷತ್ ಸದಸ್ಯರ ಹೆಸರುಗಳನ್ನು ನಗರದ ಮತದಾರರ ಪಟ್ಟಿಗೆ ಸೇರಿಸಲಾಗಿದೆ ಎಂಬ ಕಾಂಗ್ರೆಸ್‌ನ ಆಕ್ಷೇಪವೂ ಆಗ ಊರೆಲ್ಲ ಚರ್ಚೆಯಾಗಿತ್ತು. ಅದು ತನಿಖಾ ಸಮಿತಿಯ ಪ್ರಕರಣವಲ್ಲ ಎಂಬುದು ನಿಜ. ಆದರೆ ಮತ ಹಾಕುವವರು ಯಾರು ಎಂಬ ಪಟ್ಟಿ ಬದಲಾದರೆ ಫಲಿತಾಂಶವೂ ಬದಲಾಗುತ್ತದೆ ಎಂಬುದನ್ನು ನಮ್ಮ ಊರಿನ ಯಾವ ಪಠ್ಯಪುಸ್ತಕವೂ ಇಷ್ಟು ಸ್ಪಷ್ಟವಾಗಿ ಕಲಿಸಿಲ್ಲ.

ದೆಹಲಿಯ ಒಂದು ಉದಾಹರಣೆ ಇದಕ್ಕಿಂತ ತೀಕ್ಷ್ಣವಾಗಿದೆ. ಸರ್ಕಾರದ ಖರ್ಚಿನ ಲೆಕ್ಕ ಪರಿಶೀಲಿಸುವ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನು ಅಧ್ಯಕ್ಷರನ್ನಾಗಿ ಮಾಡುವ ಸಂಪ್ರದಾಯ 1967ರಿಂದ ನಡೆದುಬಂದಿದೆ. ಸಚಿವರಾದವರು ಅದರ ಸದಸ್ಯರಾಗುವಂತಿಲ್ಲ. 2011ರಲ್ಲಿ ಮುರಳಿ ಮನೋಹರ ಜೋಶಿ ಅದರ ಅಧ್ಯಕ್ಷರಾಗಿ ಮೊಬೈಲ್ ಕಂಪನಿಗಳಿಗೆ 2ಜಿ ತರಂಗಾಂತರ ಹಂಚಿದ ಹಗರಣದ ಕರಡು ವರದಿ ಸಿದ್ಧಪಡಿಸಿದರು. ಏಪ್ರಿಲ್ 28ರ ಸಭೆಯಲ್ಲಿ 21 ಸದಸ್ಯರ ಪೈಕಿ 11 ಮಂದಿ ಅದರ ವಿರುದ್ಧ ನಿಂತರು. ಕಾಂಗ್ರೆಸ್ ಮತ್ತು ಡಿಎಂಕೆ ಸದಸ್ಯರ ಜೊತೆ ಸಮಾಜವಾದಿ ಪಕ್ಷ ಮತ್ತು ಬಿಎಸ್‌ಪಿಯ ತಲಾ ಒಬ್ಬರು ಸೇರಿದ್ದರಿಂದ ಆ ಸಂಖ್ಯೆ ಮುಟ್ಟಿತ್ತು. ಜೋಶಿಯವರು ಸಭೆಯಿಂದ ಎದ್ದುಹೋದ ಮೇಲೆ ಆ ಹನ್ನೊಂದು ಮಂದಿ ಸೈಫುದ್ದೀನ್ ಸೋಜ್ ಅವರನ್ನು ಅಧ್ಯಕ್ಷರೆಂದು ಆರಿಸಿ ವರದಿಯನ್ನು ತಿರಸ್ಕರಿಸಿದರು. ಜೋಶಿಯವರು ತಮ್ಮ ವರದಿಯನ್ನು ಲೋಕಸಭೆಯ ಸ್ಪೀಕರ್‌ಗೆ ಸಲ್ಲಿಸಿದರು, ಮೀರಾ ಕುಮಾರ್ ಅದನ್ನು ಹಿಂದಿರುಗಿಸಿದರು. ತಿಂಗಳುಗಟ್ಟಲೆ ನಡೆದ ವಿಚಾರಣೆಯನ್ನು ಎರಡು ಸಣ್ಣ ಗುಂಪುಗಳ ಎರಡು ಮತಗಳು ತೂಗಿದವು.

ಅಧ್ಯಕ್ಷರ ಕುರ್ಚಿ

ಸದಸ್ಯರ ಸಂಖ್ಯೆಗಿಂತ ಅಧ್ಯಕ್ಷರು ಯಾರು ಎಂಬುದು ಹೆಚ್ಚು ಮುಖ್ಯ ಎಂಬುದು ನನ್ನ ಅಭಿಪ್ರಾಯ. ಸಭೆ ಕರೆಯುವವರು ಅವರು. ಯಾವ ಸಾಕ್ಷಿ ಮೊದಲು, ಯಾವ ಸಾಕ್ಷಿ ಬೇಡವೇ ಬೇಡ ಎಂದು ತೀರ್ಮಾನಿಸುವುದರಲ್ಲಿ ಅವರ ಮಾತೇ ಹೆಚ್ಚು ನಡೆಯುತ್ತದೆ. ಮತಗಳು ಸಮವಾದರೆ ನಿರ್ಣಾಯಕ ಮತ ಅವರದು. ಕರಡು ವರದಿ ರೂಪುಗೊಳ್ಳುವುದು ಅವರ ಕಣ್ಣಳತೆಯಲ್ಲಿ.

ಕರ್ನಾಟಕದಲ್ಲಿ ಎರಡು ಬಗೆಯ ಅನುಭವಗಳಿವೆ. ಬೆಂಗಳೂರು ನಗರ ಜಿಲ್ಲೆಯ ಸರ್ಕಾರಿ ಭೂಮಿ ಒತ್ತುವರಿ ಕುರಿತು ರಚನೆಯಾದ ಜಂಟಿ ಸದನ ಸಮಿತಿಗೆ ಅರಕಲಗೂಡಿನ ಎ.ಟಿ. ರಾಮಸ್ವಾಮಿ ಅಧ್ಯಕ್ಷರಾಗಿದ್ದರು. ಆಡಳಿತದಲ್ಲಿ ಪಾಲುದಾರನಾಗಿದ್ದ ಪಕ್ಷದ ಶಾಸಕರವರು. ಆದರೂ 2007ರಲ್ಲಿ ಆ ಸಮಿತಿ ಕೊಟ್ಟ ವರದಿಗಳು ಎಲ್ಲ ಪಕ್ಷಗಳ ಪ್ರಭಾವಿಗಳಿಗೂ ಮುಜುಗರ ತಂದವು. ಆಡಳಿತ ಪಕ್ಷದವರು ಅಧ್ಯಕ್ಷರಾದ ಮಾತ್ರಕ್ಕೆ ತನಿಖೆ ಹಾಳಾಗುತ್ತದೆ ಎಂಬ ಸಿನಿಕತನಕ್ಕೆ ಅದೊಂದು ಉತ್ತರ. ಇನ್ನೊಂದು ಬಗೆಯೆಂದರೆ ಸಚಿವರನ್ನೇ ಅಧ್ಯಕ್ಷರನ್ನಾಗಿ ಮಾಡುವುದು. 2014ರಲ್ಲಿ ರಚನೆಯಾದ, ಬೆಂಗಳೂರು–ಮೈಸೂರು ಹೆದ್ದಾರಿಯ ನೈಸ್ ಯೋಜನೆಯ ಸದನ ಸಮಿತಿಗೆ ಆಗಿನ ಕಾನೂನು ಸಚಿವ ಟಿ.ಬಿ. ಜಯಚಂದ್ರ ಅಧ್ಯಕ್ಷರು. ವಿದ್ಯುತ್ ಖರೀದಿಯ ಅಕ್ರಮಗಳ ಕುರಿತ ಸಮಿತಿಗೆ ಆಗಿನ ಇಂಧನ ಸಚಿವ ಡಿ.ಕೆ. ಶಿವಕುಮಾರ್ ಅಧ್ಯಕ್ಷರು. ಆ ಸಮಿತಿಗಳು ಮುಖ್ಯವಾಗಿ ಹಿಂದಿನ ಸರ್ಕಾರಗಳ ಕಾಲದ ವ್ಯವಹಾರಗಳನ್ನು ನೋಡಿದವು ಎಂಬ ಸಮರ್ಥನೆ ಇದೆ, ಸಚಿವರಾದರೆ ಇಲಾಖೆಯಿಂದ ಕಡತ ಬೇಗ ಬರುತ್ತದೆ ಎಂಬ ವಾದವೂ ಇದೆ. ನನಗೆ ಎರಡೂ ಒಪ್ಪಿಗೆಯಾಗುವುದಿಲ್ಲ. ಸರ್ಕಾರವನ್ನು ಪ್ರಶ್ನಿಸುವುದು ಶಾಸಕಾಂಗದ ಕೆಲಸ, ಸಚಿವರು ಸರ್ಕಾರದ ಭಾಗ. ಪ್ರಶ್ನೆ ಕೇಳುವವರೂ ಉತ್ತರ ಕೊಡುವವರೂ ಒಂದೇ ಸಂಪುಟದಲ್ಲಿ ಪಕ್ಕಪಕ್ಕ ಕೂರುವ ಏರ್ಪಾಡು ಯಾವ ಪಕ್ಷ ಮಾಡಿದರೂ ತಪ್ಪೇ.

ನಮ್ಮ ಎರಡು ಜಿಲ್ಲೆಗಳ ಒಂದು ಕಲ್ಪಿತ ಸಮಿತಿ

ಪಕ್ಷದ ಲೆಕ್ಕ ಮುಗಿದ ಮೇಲೆ ಪ್ರದೇಶದ ಲೆಕ್ಕ ಶುರುವಾಗುತ್ತದೆ. ಇದನ್ನು ತರಗತಿಯಲ್ಲಿ ವಿವರಿಸಲು ಭದ್ರಾ ಮೇಲ್ದಂಡೆ ಯೋಜನೆಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಮತ್ತು ದಾವಣಗೆರೆ ಜಿಲ್ಲೆಗಳ 2.25 ಲಕ್ಷ ಹೆಕ್ಟೇರ್‌ಗೆ ನೀರುಣಿಸುವ ಗುರಿಯ ಯೋಜನೆಯಿದು, ಹಂಚಿಕೆ 29.90 ಟಿಎಂಸಿ ಅಡಿ. 2023ರ ಫೆಬ್ರುವರಿಯ ಕೇಂದ್ರ ಬಜೆಟ್‌ನಲ್ಲಿ ಇದಕ್ಕೆ ₹5,300 ಕೋಟಿ ಘೋಷಣೆಯಾಯಿತು, ಆ ಹಣಕ್ಕಾಗಿ ಚಿತ್ರದುರ್ಗದ ರೈತರು ಮತ್ತೆ ಮತ್ತೆ ಬೀದಿಗಿಳಿದಿದ್ದಾರೆ.

ಕೇವಲ ಉದಾಹರಣೆಗೆ, ಈ ಯೋಜನೆಯ ವಿಳಂಬಕ್ಕೆ ಕಾರಣ ಹುಡುಕಲು ಒಂದು ಸದನ ಸಮಿತಿ ರಚನೆಯಾಯಿತು ಎಂದುಕೊಳ್ಳಿ. ಸದಸ್ಯರಾಗಿ ಯಾರು ಇರಬೇಕು? ಹಿರಿಯೂರು, ಹೊಸದುರ್ಗ, ಚಳ್ಳಕೆರೆ, ಮೊಳಕಾಲ್ಮುರು, ಜಗಳೂರು ಭಾಗದ ಶಾಸಕರಿಗೆ ಕಾಲುವೆಯ ಒಂದೊಂದು ತಿರುವೂ ಗೊತ್ತು, ಎಲ್ಲಿ ಭೂಸ್ವಾಧೀನ ನಿಂತಿದೆ ಎಂಬುದೂ ಗೊತ್ತು. ಅವರಿಲ್ಲದೆ ಸಮಿತಿಗೆ ಕಣ್ಣಿಲ್ಲ. ಆದರೆ ತಮ್ಮ ಕ್ಷೇತ್ರಕ್ಕೆ ಬೇಗ ನೀರು ತರುವುದಾಗಿ ಮಾತು ಕೊಟ್ಟು ಗೆದ್ದವರೂ ಅವರೇ, ಗುತ್ತಿಗೆದಾರರ ಪರಿಚಯ ಇರುವವರೂ ಅವರೇ. ಇನ್ನು ದಾವಣಗೆರೆಯ ಅಚ್ಚುಕಟ್ಟಿನ ಶಾಸಕರ ಸಂಕಟ ಬೇರೆ. ಭದ್ರಾ ಬಲದಂಡೆ ನಾಲೆಯ ಕೊನೆಯ ಭಾಗದ ಭತ್ತದ ರೈತರಿಗೆ ತಮ್ಮ ಪಾಲಿನ ನೀರು ಬೇರೆಡೆಗೆ ಹೋದೀತು ಎಂಬ ಭಯವಿದೆ. 2025ರ ಜೂನ್‌ನಲ್ಲಿ ಹೊಸದುರ್ಗ, ತರೀಕೆರೆ ಕಡೆಗೆ ಕುಡಿಯುವ ನೀರು ಒಯ್ಯಲು ಬಲದಂಡೆ ನಾಲೆಯನ್ನು ಸೀಳಿದ ಕಾಮಗಾರಿಯ ವಿರುದ್ಧ ದಾವಣಗೆರೆಯಲ್ಲಿ ದೊಡ್ಡ ಹೋರಾಟ ನಡೆದದ್ದು ಅದೇ ಭಯದಿಂದ. 1997ರವರೆಗೆ ದಾವಣಗೆರೆ ಚಿತ್ರದುರ್ಗ ಜಿಲ್ಲೆಯದೇ ಭಾಗವಾಗಿತ್ತು, ನೀರಿನ ವಿಷಯದಲ್ಲಿ ಇಂದು ಎರಡೂ ಕಡೆಯ ರೈತರ ಅಗತ್ಯಗಳು ಒಂದೇ ನದಿಯ ದಡದಲ್ಲಿ ಎದುರುಬದುರಾಗಿ ನಿಂತಿವೆ. ಒಂದೇ ಪಕ್ಷದ ಇಬ್ಬರು ಶಾಸಕರು, ಒಬ್ಬರು ಹೊಸದುರ್ಗ ಕಡೆಯವರು, ಇನ್ನೊಬ್ಬರು ಹರಿಹರ ಕಡೆಯವರು, ಈ ಸಮಿತಿಯಲ್ಲಿ ಒಂದೇ ಪ್ರಶ್ನೆ ಕೇಳುವುದಿಲ್ಲ.

ಹಾಗಾದರೆ ಎಲ್ಲರೂ ಹೊರಗಿನವರೇ ಇರಲಿ ಎನ್ನೋಣವೇ? ಆಗ ಅಧಿಕಾರಿಗಳು ಹೇಳಿದ್ದೇ ವೇದವಾಕ್ಯ. ಗಣತಿಯಲ್ಲಿ ಕಾಣದ, ನಕ್ಷೆಯಲ್ಲಿ ಇಲ್ಲದ ತೊಡಕುಗಳನ್ನು ಹಿಡಿಯುವವರು ಯಾರೂ ಇರುವುದಿಲ್ಲ. ಇದಕ್ಕೆ ನನಗೆ ತೋಚುವ ದಾರಿ ಒಂದೇ: ಸ್ಥಳೀಯರು ಸಮಿತಿಯಲ್ಲಿರಲಿ, ಆದರೆ ಎರಡೂ ದಂಡೆಯವರು ಇರಲಿ, ಅಧ್ಯಕ್ಷರು ಮಾತ್ರ ಈ ಕಣಿವೆಗೆ ಸೇರದವರಾಗಿರಲಿ. ರಾಮಸ್ವಾಮಿಯವರ ಸಮಿತಿಯಲ್ಲಿ ಬೆಂಗಳೂರಿನ ಭೂಮಿಯನ್ನು ಅಳೆಯಲು ಹೊರಟವರು ಹಾಸನ ಜಿಲ್ಲೆಯವರು ಎಂಬುದನ್ನು ಇಲ್ಲಿ ಗಮನಿಸಬಹುದು.

ಬಹಿಷ್ಕಾರದ ಬೆಲೆ

ಹೆಸರುಪಟ್ಟಿ ಇಷ್ಟವಾಗದಿದ್ದಾಗ ವಿರೋಧ ಪಕ್ಷಗಳು ಹಿಡಿಯುವ ದಾರಿ ಬಹಿಷ್ಕಾರ. ಏಕಪಕ್ಷೀಯ ಸಮಿತಿಗೆ ನಮ್ಮ ಹೆಸರಿನ ಮುದ್ರೆ ಒತ್ತುವುದಿಲ್ಲ ಎಂಬ ಅದರ ಹಿಂದಿನ ವಾದದಲ್ಲಿ ಹುರುಳಿದೆ. ಆದರೆ ಅದರ ಬೆಲೆಯನ್ನೂ ನೋಡಬೇಕು.

1987ರಲ್ಲಿ ಬೊಫೋರ್ಸ್ ಫಿರಂಗಿ ಖರೀದಿಯ ಲಂಚದ ಆರೋಪದ ಕುರಿತು ದೇಶದ ಮೊದಲ ಜಂಟಿ ಸಂಸದೀಯ ತನಿಖಾ ಸಮಿತಿ ರಚನೆಯಾಯಿತು. ಅಧ್ಯಕ್ಷರು ನಮ್ಮ ಚಿಕ್ಕೋಡಿಯ ಸಂಸದ ಬಿ. ಶಂಕರಾನಂದ. ಮುಖ್ಯ ವಿರೋಧ ಪಕ್ಷಗಳು ಅದರಿಂದ ದೂರ ಉಳಿದವು. 1988ರ ಏಪ್ರಿಲ್‌ನಲ್ಲಿ ವರದಿ ಬಂತು, ಸರ್ಕಾರಕ್ಕೆ ನೋವಾಗುವಂಥದ್ದು ಅದರಲ್ಲಿ ಇರಲಿಲ್ಲ. ಆ ಸಮಿತಿಯಿಂದ ಇಂದಿಗೂ ಜನ ಎತ್ತಿ ಹೇಳುವುದು ಅಣ್ಣಾಡಿಎಂಕೆಯ ಆಲಡಿ ಅರುಣಾ ಬರೆದ ಭಿನ್ನಮತ ಟಿಪ್ಪಣಿಯನ್ನು. ಒಳಗೆ ಕುಳಿತು ಕಡತ ನೋಡಿದ್ದರಿಂದಲೇ ಅವರಿಗೆ ಅದನ್ನು ಬರೆಯಲು ಸಾಧ್ಯವಾಯಿತು. ಹೊರಗೆ ನಿಂತವರ ಕೈಯಲ್ಲಿ ಭಾಷಣ ಮಾತ್ರ ಉಳಿಯಿತು. ಮರುವರ್ಷ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ ಬಂದ ಮೇಲೆಯೇ ಸಂಸತ್ತಿನಲ್ಲಿ ಮತ್ತೆ ಬಿರುಗಾಳಿ ಎದ್ದದ್ದು.

ನಮ್ಮ ವಿಧಾನಸಭೆಯಲ್ಲಿ 2012ರ ಫೆಬ್ರುವರಿಯಲ್ಲಿ ಕಲಾಪದ ವೇಳೆ ಸಚಿವರು ಮೊಬೈಲ್‌ನಲ್ಲಿ ಅಶ್ಲೀಲ ದೃಶ್ಯ ನೋಡಿದ ಪ್ರಕರಣ ಹೊರಬಂದು ಮೂವರು ರಾಜೀನಾಮೆ ಕೊಟ್ಟರು. ಸಭಾಧ್ಯಕ್ಷ ಕೆ.ಜಿ. ಬೋಪಯ್ಯ ಶ್ರೀಶೈಲಪ್ಪ ಬಿದರೂರ ಅವರ ಅಧ್ಯಕ್ಷತೆಯಲ್ಲಿ ಸದನ ಸಮಿತಿ ರಚಿಸಿದರು. ಕಾಂಗ್ರೆಸ್ ಮತ್ತು ಜೆಡಿಎಸ್ ಅದರಲ್ಲಿ ಭಾಗವಹಿಸಲು ಒಪ್ಪಲಿಲ್ಲ. ಕೊನೆಗೆ ಆಡಳಿತ ಪಕ್ಷದವರ ನಡತೆಯನ್ನು ಆಡಳಿತ ಪಕ್ಷದವರೇ ವಿಚಾರಿಸುವಂತಾಯಿತು. ಇಂಥ ಸಮಿತಿಯ ವರದಿಯನ್ನು ಜನ ನಂಬದಿರುವುದು ಸಹಜ. ಆದರೆ ನಂಬದ ಜನರ ಕೈಯಲ್ಲಿ ಬೇರೆ ವರದಿಯೂ ಇರುವುದಿಲ್ಲ. ಖಾಲಿ ಕುರ್ಚಿ ಪ್ರಶ್ನೆ ಕೇಳುವುದಿಲ್ಲ, ಭಿನ್ನಮತವನ್ನೂ ದಾಖಲಿಸುವುದಿಲ್ಲ. ಬಹಳ ಯೋಚಿಸಿದ ಮೇಲೂ, ಬಹಿಷ್ಕಾರಕ್ಕಿಂತ ಒಳಗೆ ಕುಳಿತು ಜಗಳವಾಡುವುದೇ ಮತ ಹಾಕಿದವರಿಗೆ ಹೆಚ್ಚು ಉಪಕಾರಿ ಎಂದು ನನಗೆ ಅನಿಸುತ್ತದೆ.

ಭಿನ್ನಮತ ಟಿಪ್ಪಣಿಗೂ ಕಾವಲು ಬೇಕು ಎಂಬುದು ಬೇರೆ ಮಾತು. ವಕ್ಫ್ ತಿದ್ದುಪಡಿ ಮಸೂದೆಯ ಜಂಟಿ ಸಮಿತಿಯ ಕೆಲಸ ಹಗರಣದ ತನಿಖೆಯಲ್ಲ, ಮಸೂದೆಯ ಪರಿಶೀಲನೆ. ಆದರೂ ಅದರ ವರದಿ 2025ರ ಫೆಬ್ರುವರಿಯಲ್ಲಿ ಮಂಡನೆಯಾದಾಗ ತಮ್ಮ ಟಿಪ್ಪಣಿಯ ಭಾಗಗಳನ್ನು ಅಳಿಸಲಾಗಿದೆ ಎಂದು ಕರ್ನಾಟಕದಿಂದ ರಾಜ್ಯಸಭೆಗೆ ಹೋಗಿರುವ ಸೈಯದ್ ನಸೀರ್ ಹುಸೇನ್ ಆಕ್ಷೇಪಿಸಿದರು. ಗದ್ದಲದ ಬಳಿಕ ಬಿಟ್ಟುಹೋಗಿದ್ದ ಭಾಗಗಳು ಸೇರ್ಪಡೆಯಾದವು.

ಇದ್ದವರನ್ನು ಹೊರಹಾಕುವುದು

ಪಟ್ಟಿ ಪ್ರಕಟವಾದ ಮೇಲೂ ಆಟ ನಿಲ್ಲುವುದಿಲ್ಲ. 2ಜಿ ಹಗರಣಕ್ಕೆ ಜಂಟಿ ಸಮಿತಿ ಬೇಕೆಂದು 2010ರ ಚಳಿಗಾಲದ ಅಧಿವೇಶನವೇ ಕೊಚ್ಚಿಹೋಗಿತ್ತು. 2011ರಲ್ಲಿ ಪಿ.ಸಿ. ಚಾಕೊ ಅಧ್ಯಕ್ಷತೆಯಲ್ಲಿ 30 ಸದಸ್ಯರ ಸಮಿತಿ ರಚನೆಯಾಯಿತು. ತನಿಖೆಯ ವ್ಯಾಪ್ತಿಗೆ ಬಂದಿದ್ದ ವಾಜಪೇಯಿ ಸರ್ಕಾರದಲ್ಲಿ ಸಚಿವರಾಗಿದ್ದ ಬಿಜೆಪಿಯ ಜಸ್ವಂತ್ ಸಿಂಗ್, ಯಶವಂತ ಸಿನ್ಹಾ, ರವಿಶಂಕರ್ ಪ್ರಸಾದ್ ಅವರಿಗೆ ಹಿತಾಸಕ್ತಿ ಸಂಘರ್ಷವಿದೆ, ಅವರು ಹೊರಗೆ ಹೋಗಬೇಕು ಎಂದು ಕಾಂಗ್ರೆಸ್ ಕಡೆಯವರು ಪಟ್ಟು ಹಿಡಿದರು. ಪ್ರಧಾನಿಯನ್ನು ಸಾಕ್ಷಿಯಾಗಿ ಕರೆಸಿ ಎಂದು ಬಿಜೆಪಿ ಪಟ್ಟು ಹಿಡಿಯಿತು. ಹಂಚಿಕೆಯ ಕಾಲದ ದೂರಸಂಪರ್ಕ ಸಚಿವ ಎ. ರಾಜಾ ತಾವೇ ಹಾಜರಾಗಲು ಸಿದ್ಧರಿದ್ದರೂ ಅವರನ್ನು ಕರೆಯಲಿಲ್ಲ, ಲಿಖಿತ ಹೇಳಿಕೆ ಮಾತ್ರ ಪಡೆದರು.

ಈ ಕತೆಯಲ್ಲಿ ನನಗೆ ಅತ್ಯಂತ ಪಾಠ ಕಲಿಸುವ ಭಾಗ ಬೇರೆ. ಸಮಿತಿ ರಚನೆಯಾದಾಗ ತೃಣಮೂಲ ಕಾಂಗ್ರೆಸ್ ಮತ್ತು ಡಿಎಂಕೆ ಆಡಳಿತ ಮೈತ್ರಿಕೂಟದಲ್ಲಿದ್ದವು. 2012ರಲ್ಲಿ ತೃಣಮೂಲ, 2013ರಲ್ಲಿ ಡಿಎಂಕೆ ಹೊರನಡೆದವು. ಕುರ್ಚಿಗಳು ಅವೇ, ಕೂತವರ ಪಕ್ಷಗಳೂ ಅವೇ, ಆದರೆ ಬಹುಮತ ಕರಗಿತು. ಕರಡು ವರದಿ ಸೋರಿಕೆಯಾದಾಗ ಸಮಿತಿಯ ಅರ್ಧದಷ್ಟು, ಅಂದರೆ 15 ಸದಸ್ಯರು ಅಧ್ಯಕ್ಷರನ್ನು ಬದಲಿಸಿ ಎಂದು ಸ್ಪೀಕರ್‌ಗೆ ಬರೆದರು. ಕೊನೆಗೆ 2013ರ ಸೆಪ್ಟೆಂಬರ್‌ನಲ್ಲಿ ವರದಿ 16–11 ಮತಗಳಿಂದ ಅಂಗೀಕಾರವಾಯಿತು.

ನಮ್ಮ ಹತ್ತಿರದ ಇನ್ನೊಂದು ಘಟನೆ ನೋಡಿ. 2025ರ ಮಾರ್ಚ್ 21ರಂದು ಸಭಾಧ್ಯಕ್ಷ ಯು.ಟಿ. ಖಾದರ್ ಬಿಜೆಪಿಯ 18 ಶಾಸಕರನ್ನು ಆರು ತಿಂಗಳು ಅಮಾನತು ಮಾಡಿದರು. ಅವರಲ್ಲಿ ಹರಿಹರದ ಬಿ.ಪಿ. ಹರೀಶ್ ಒಬ್ಬರು. ಸುದ್ದಿಯೆಲ್ಲ ಮಾರ್ಷಲ್‌ಗಳು ಶಾಸಕರನ್ನು ಎತ್ತಿಕೊಂಡು ಹೋದ ದೃಶ್ಯದ ಮೇಲೆ ನಿಂತಿತು. ಆದರೆ ಆದೇಶದಲ್ಲಿ ಸ್ಥಾಯಿ ಸಮಿತಿಗಳ ಸಭೆಗಳಿಗೂ ಅವರು ಬರುವಂತಿಲ್ಲ ಎಂದಿತ್ತು. ಅಮಾನತು ಮೇ ತಿಂಗಳಲ್ಲಿ ರದ್ದಾಯಿತು. ಅಷ್ಟು ದಿನ ಆ ಸಮಿತಿಗಳಲ್ಲಿ ಈ ಶಾಸಕರ ಕುರ್ಚಿಗಳು ಬರಿದಾಗಿದ್ದವು. ಪೀಠಕ್ಕೆ ಅಗೌರವ ತೋರಿದವರಿಗೆ ಶಿಕ್ಷೆ ಬೇಡ ಎಂದು ನಾನು ಹೇಳುತ್ತಿಲ್ಲ. ಸದನದೊಳಗಿನ ವರ್ತನೆಗೆ ಕೊಟ್ಟ ಶಿಕ್ಷೆ ಸಮಿತಿಯ ಕೆಲಸಕ್ಕೂ ಹರಡಿದಾಗ ನಷ್ಟ ಆ ಶಾಸಕರಿಗೆ ಮಾತ್ರವೇ ಆಗುತ್ತದೆಯೇ, ಹರಿಹರದ ಮತದಾರರಿಗೂ ಆಗುತ್ತದೆಯೇ?

ಪ್ರಶ್ನೆ ಬರೆದುಕೊಡುವ ಕೈ

ಸದಸ್ಯರ ಬಗ್ಗೆ ಇಷ್ಟು ಮಾತಾಡುವ ನಾವು ಸಿಬ್ಬಂದಿಯ ಬಗ್ಗೆ ಮಾತಾಡುವುದೇ ಇಲ್ಲ. ಅಮೆರಿಕದ ಸೆನೆಟ್ 1973ರ ಫೆಬ್ರುವರಿಯಲ್ಲಿ ವಾಟರ್‌ಗೇಟ್, ಅಂದರೆ ವಿರೋಧಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿದ ಹಗರಣದ ತನಿಖೆಗೆ ಸಮಿತಿ ರಚಿಸಿತು. ಪರವಾಗಿ 77 ಮತ, ವಿರುದ್ಧ ಒಂದೂ ಇಲ್ಲ. ಆ ಒಮ್ಮತ ಮೂಡುವ ಮೊದಲು ಜಗಳ ಜೋರಾಗಿಯೇ ನಡೆದಿತ್ತು. ಎರಡೂ ಪಕ್ಷಗಳಿಗೆ ಸಮಾನ ಸ್ಥಾನ ಬೇಕೆಂದ ರಿಪಬ್ಲಿಕನ್ನರ ತಿದ್ದುಪಡಿ ಬಿದ್ದುಹೋಗಿ, ನಾಲ್ವರು ಡೆಮಾಕ್ರಟ್ಟರು ಮತ್ತು ಮೂವರು ರಿಪಬ್ಲಿಕನ್ನರ ಸಮಿತಿಯಾಯಿತು. ಆದರೆ ಅಲ್ಪಸಂಖ್ಯಾತ ಪಕ್ಷಕ್ಕೂ ತನ್ನದೇ ವಕೀಲರು, ತನ್ನದೇ ತನಿಖಾ ಸಿಬ್ಬಂದಿ ಸಿಕ್ಕರು. ಜುಲೈ 13ರಂದು ಶ್ವೇತಭವನದ ಮಾಜಿ ಅಧಿಕಾರಿ ಅಲೆಕ್ಸಾಂಡರ್ ಬಟರ್‌ಫೀಲ್ಡ್ ಅವರನ್ನು ಸಿಬ್ಬಂದಿ ಮುಚ್ಚಿದ ಕೊಠಡಿಯಲ್ಲಿ ವಿಚಾರಿಸುತ್ತಿದ್ದರು. ದೇಶದ ಅಧ್ಯಕ್ಷರ ಕಚೇರಿಯಲ್ಲಿ ಮಾತುಗಳನ್ನು ಧ್ವನಿಮುದ್ರಿಸುವ ವ್ಯವಸ್ಥೆಯೇನಾದರೂ ಇತ್ತೇ ಎಂಬ ಪ್ರಶ್ನೆ ಹಾಕಿದವರು ಡೊನಾಲ್ಡ್ ಸ್ಯಾಂಡರ್ಸ್. ಅವರು ರಿಪಬ್ಲಿಕನ್ ಪಕ್ಷದ ಕಡೆಯ ವಕೀಲರು, ಅಂದರೆ ಅಧ್ಯಕ್ಷ ನಿಕ್ಸನ್ ಅವರದೇ ಪಕ್ಷದ ಸಿಬ್ಬಂದಿ. ಬಟರ್‌ಫೀಲ್ಡ್ ಹೌದೆಂದರು. ಮುಂದಿನ ವರ್ಷ ನಿಕ್ಸನ್ ರಾಜೀನಾಮೆ ಕೊಡುವವರೆಗೆ ಆ ಧ್ವನಿಸುರುಳಿಗಳೇ ಎಲ್ಲವನ್ನೂ ನಡೆಸಿದವು.

ಅದೇ ದೇಶದಲ್ಲಿ 2021ರಲ್ಲಿ ಸಂಸತ್ ಭವನದ ಮೇಲಿನ ಜನವರಿ 6ರ ದಾಳಿಯ ತನಿಖೆಗೆ ಸಮಿತಿ ರಚನೆಯಾದಾಗ ನಡೆದದ್ದು ಬೇರೆ. ಸ್ಪೀಕರ್ ನ್ಯಾನ್ಸಿ ಪೆಲೋಸಿ ರಿಪಬ್ಲಿಕನ್ನರು ಸೂಚಿಸಿದ ಐವರಲ್ಲಿ ಇಬ್ಬರನ್ನು ಒಪ್ಪಲಿಲ್ಲ, ಆ ಪಕ್ಷದ ನಾಯಕ ಕೆವಿನ್ ಮೆಕಾರ್ಥಿ ಐವರನ್ನೂ ಹಿಂತೆಗೆದುಕೊಂಡರು. ಪೆಲೋಸಿ ಅದೇ ಪಕ್ಷದ ಲಿಜ್ ಚೇನಿ ಮತ್ತು ಆ್ಯಡಂ ಕಿನ್ಜಿಂಗರ್ ಅವರನ್ನು ತಾವೇ ನೇಮಿಸಿದರು. ಮೆಕಾರ್ಥಿ ಅವರ ಪಾಳಯಕ್ಕೆ ಆ ತನಿಖೆಯೊಳಗೆ ದನಿಯೂ ಉಳಿಯಲಿಲ್ಲ, ಸಿಬ್ಬಂದಿಯೂ ಉಳಿಯಲಿಲ್ಲ.

ನಮ್ಮಲ್ಲಿ ಲೆಕ್ಕಪತ್ರ ಸಮಿತಿಗೆ ಸಿಎಜಿಯ ನೆರವಿದೆ. ಅಂಕಿಅಂಶ ಬಲ್ಲವರು ಪಕ್ಕದಲ್ಲಿ ಕುಳಿತು ಎಲ್ಲಿ ಕೆದಕಬೇಕು ಎಂದು ತೋರಿಸುತ್ತಾರೆ. ಸದನ ಸಮಿತಿಗಳಿಗೆ ಆ ಭಾಗ್ಯವಿಲ್ಲ. ವಿಧಾನಸಭೆ ಸಚಿವಾಲಯದ ಸಿಬ್ಬಂದಿ ಸಭೆಯ ನಡಾವಳಿ ಬರೆಯುತ್ತಾರೆ, ಮಾಹಿತಿ ಕೊಡುವುದು ತನಿಖೆಗೆ ಒಳಗಾದ ಇಲಾಖೆಯೇ. ವಿರೋಧ ಪಕ್ಷದ ಸದಸ್ಯರಿಗೆ ಪ್ರತ್ಯೇಕ ವಕೀಲರೂ ಇಲ್ಲ, ಲೆಕ್ಕಪರಿಶೋಧಕರೂ ಇಲ್ಲ. ಎತ್ತರದ ಕಡತದ ರಾಶಿಯನ್ನು ಸಭೆಯ ಹಿಂದಿನ ದಿನ ಕೈಗಿತ್ತರೆ ಎಂಥ ಶಾಸಕರಾದರೂ ಏನು ಓದಿಯಾರು? ಹೆಸರುಪಟ್ಟಿಯ ಮೇಲೆ ವಾರಗಟ್ಟಲೆ ಜಗಳವಾಡುವ ನಾಯಕರು ನಮಗೊಬ್ಬ ಸ್ವತಂತ್ರ ಲೆಕ್ಕಪರಿಶೋಧಕರನ್ನು ಕೊಡಿ ಎಂದು ಒಂದು ದಿನವಾದರೂ ಧರಣಿ ಕೂತಿದ್ದರೆ ನಮ್ಮ ಸಮಿತಿಗಳ ವರದಿಗಳು ಬೇರೆಯೇ ಆಗಿರುತ್ತಿದ್ದವು ಎಂಬುದು ನನ್ನ ಗಟ್ಟಿ ನಂಬಿಕೆ.

ಕಾಲವೂ ಒಂದು ಸದಸ್ಯ

ಇನ್ನುಳಿದದ್ದು ವ್ಯಾಪ್ತಿ ಮತ್ತು ಗಡುವು. ಯಾವ ವರ್ಷದಿಂದ ಯಾವ ವರ್ಷದವರೆಗೆ ತನಿಖೆ ಎಂಬ ಒಂದು ಸಾಲಿನಲ್ಲಿ ಯಾರ ಸರ್ಕಾರ ಕಟಕಟೆಗೆ ಬರುತ್ತದೆ ಎಂಬುದು ಅಡಗಿದೆ. ವಿಧಾನಸಭೆ ವಿಸರ್ಜನೆಯಾದರೆ ಸದನ ಸಮಿತಿಯೂ ಅಲ್ಲಿಗೆ ಮುಗಿಯುತ್ತದೆ, ಆದ್ದರಿಂದ ಅವಧಿ ವಿಸ್ತರಣೆ ಕೇಳುತ್ತಾ ಹೋಗುವುದು ಕೂಡ ಒಂದು ಉಪಾಯ. ವರದಿ ಬಂದ ಮೇಲೂ ಅದನ್ನು ಒಪ್ಪಲೇಬೇಕು ಎಂಬ ಕಟ್ಟುಪಾಡು ಸರ್ಕಾರಕ್ಕಿಲ್ಲ. ರಾಮಸ್ವಾಮಿ ಸಮಿತಿಯ ವರದಿಗಳು 2007ರಲ್ಲಿ ಬಂದವು. 2009ರಲ್ಲಿ ನಿವೃತ್ತ ಐಎಎಸ್ ಅಧಿಕಾರಿ ವಿ. ಬಾಲಸುಬ್ರಮಣಿಯನ್ ನೇತೃತ್ವದಲ್ಲಿ ಕಾರ್ಯಪಡೆ ಬಂತು. ಭೂಕಬಳಿಕೆ ನಿಷೇಧ ಕಾಯ್ದೆ 2011ರದು. ಆ ಕಾಯ್ದೆಯ ವಿಶೇಷ ನ್ಯಾಯಾಲಯ ಕೆಲಸ ಆರಂಭಿಸಿದ್ದು 2016ರಲ್ಲಿ. ನಡುವೆ ಹಿರಿಯ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ ಧರಣಿ ಕೂರಬೇಕಾಯಿತು.

ಈಗಿನ ವಿಧಾನಸಭೆಯ ಅವಧಿ 2028ರ ಮೇ ತಿಂಗಳವರೆಗೆ. ಮುಂದಿನ ಅಧಿವೇಶನದಲ್ಲಿ ಯಾವುದಾದರೂ ಸದನ ಸಮಿತಿ ಘೋಷಣೆಯಾದರೆ ಅದರ ಸದಸ್ಯರ ಪಟ್ಟಿ, ಅಧ್ಯಕ್ಷರ ಹೆಸರು, ವ್ಯಾಪ್ತಿಯ ವರ್ಷಗಳು ಮತ್ತು ಗಡುವು ಒಂದೇ ಆದೇಶದಲ್ಲಿ ಸಿಗುತ್ತವೆ. ಅದನ್ನು ಇಟ್ಟುಕೊಂಡು, ನಿಮ್ಮ ಕ್ಷೇತ್ರದ ಶಾಸಕರು ಊರಿಗೆ ಬಂದಾಗ ಕೇಳಿ: ನಿಮ್ಮ ಪಕ್ಷದಿಂದ ಯಾರನ್ನು ಕಳಿಸಿದಿರಿ, ಅವರನ್ನೇ ಏಕೆ?